ಭೂತನಾಳದ ಮೀಸಲು ದ್ರಾಕ್ಷಿ

ಆಗ ವಿಜಾಪುರಕ್ಕೂ ನಮ್ಮ ಭೂತನಾಳಕ್ಕೂ ನಡುವೆ ಬಯಲಿತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಊರು ಈಗ ಕೆರೆಯ ದಂಡೆಗೇ ಬಂದು ಕೂತಿದೆ. ಪ್ಲಾಟು, ಮೂರು ಅಂತಸ್ತಿನ ಮನೆ, ಬೆಳಗಾದರೆ ಬೂಟು ಹಾಕಿಕೊಂಡು ಕೈಬೀಸಿ ನಡೆಯುವ ಮಂದಿ. ಟಿಕೋಟಾ, ಬಬಲೇಶ್ವರದ ಕಡೆ ಹೊರಟರೆ ಕಣ್ಣು ಹಾಯುವತನಕ ದ್ರಾಕ್ಷಿ. ಅದರಲ್ಲಿ ಒಂದಿಷ್ಟು ಪೆಟ್ಟಿಗೆ ಸೇರುತ್ತದೆ, ಬಹಳಷ್ಟು ಒಣಗಿ ಮಣೂಕ ಆಗುತ್ತದೆ, ಇನ್ನೊಂದಿಷ್ಟು ವೈನು ಮಾಡುವವರ ಲಾರಿ ಏರುತ್ತದೆ. ನಾನು ಹೇಳಹೊರಟಿದ್ದು ಲಡಾಯಿ, ಅಂದರೆ ಎರಡನೆಯ ಮಹಾಯುದ್ಧ, ನಡೆದಿದ್ದ ಕಾಲದ್ದು. ಆಗ ನಮ್ಮ ಸೀಮೆಯಲ್ಲಿ ದ್ರಾಕ್ಷಿಯನ್ನು ಹಾಸಿಗೆ ಹಿಡಿದವರಷ್ಟೇ ತಿನ್ನುತ್ತಿದ್ದರು.

ಕೆರೆ ನಮ್ಮೂರಿನದು, ನೀರು ಮಾತ್ರ ನಳದೊಳಗೆ ಹಾದು ವಿಜಾಪುರಕ್ಕೆ ಹೋಗುತ್ತಿತ್ತು. ನಮ್ಮ ಹೊಲಗಳು ಮಳೆ ನಂಬಿಕೊಂಡು ಒಣಗುತ್ತಿದ್ದವು. ಆದರೂ ನಮ್ಮ ಮಂದಿಯ ಸೊಕ್ಕು ಏನು ಕೇಳುತ್ತೀರಿ! ಸಿದ್ಧೇಶ್ವರ ಗುಡಿಯ ಹತ್ತಿರ ಪ್ಯಾಟಿಗೆ ಹೋದಾಗ ಅಂಗಡಿಕಾರ ಜೋರು ಮಾಡಿದರೆ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. "ನಮ್ಮ ಕೆರಿ ನೀರ ಕುಡದ ನಮಗ ಮಾತಾಡ್ತೀ ಏನೋ ತಮ್ಮಾ?" ಅವನು ನಕ್ಕು ಒಂದು ಮುಷ್ಟಿ ಪುಟಾಣಿ ಜಾಸ್ತಿ ಹಾಕುತ್ತಿದ್ದ.

ಆ ಆಯಿಯ ತಮ್ಮ ಟಿಕೋಟಾದವನು. ಅವನು ನಾಸಿಕದ ಕಡೆಯಿಂದ ಒಂದು ದ್ರಾಕ್ಷಿ ಕಡ್ಡಿ ತಂದುಕೊಟ್ಟಿದ್ದ. ಆಯಿ ಅದನ್ನು ಬಚ್ಚಲ ಮಗ್ಗುಲಿಗೆ ಊರಿದಳು. ನಾವು ಮೈತೊಳೆದ ನೀರನ್ನೇ ಕುಡಿದು ಬಳ್ಳಿ ಹಂದರದ ಮೇಲೆ ಹಬ್ಬಿತು, ಮೂರು ವರ್ಷ ಬರೀ ಎಲೆ ಬಿಟ್ಟಿತು. ನಾಲ್ಕನೆಯ ವರ್ಷ, ಶಿವರಾತ್ರಿ ಕಳೆದ ಮೇಲೆ, ಒಂದೇ ಒಂದು ಗೊನೆ ಇಳಿಬಿತ್ತು.

ಊರೆಲ್ಲ ನೋಡಲು ಬಂತು. ಆಯಿ ಎಲ್ಲರೆದುರಿಗೇ ಹೇಳಿಬಿಟ್ಟಳು: "ಇದು ಸಿದ್ಧರಾಮಗ ಮೀಸಲ." ಸಿದ್ಧರಾಮ ಅಂದರೆ ಆ ಸಿದ್ಧೇಶ್ವರ ಗುಡಿಯ ದೇವರು. ಮೀಸಲು ನಮಗೆ ಹೊಸದಲ್ಲ. ಹೊಸ ತೆನೆಯಿರಲಿ, ಆಕಳು ಈದ ಮೇಲಿನ ಬೆಣ್ಣೆಯಿರಲಿ, ದೇವರಿಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ನಾಲಿಗೆಗೆ ಹಚ್ಚುತ್ತಿರಲಿಲ್ಲ. ಹುಳಿ ಹಣ್ಣು ದೇವರಿಗೆ ಒಯ್ಯಬಾರದಲ್ಲ, ಅದಕ್ಕೆ ಪೂರಾ ಹಣ್ಣಾಗಲಿ ಎಂದು ಗೊನೆಗೆ ಹಳೆ ಸೀರೆಯ ಚೂರು ಸುತ್ತಿದಳು. ಗಿಳಿ ಓಡಿಸಲು ನನ್ನ ಕೈಗೆ ಒಂದು ಡಬ್ಬಿ, ಒಂದು ಕೋಲು ಕೊಟ್ಟಳು. ನನಗೆ ಎಂಟು ವರ್ಷ. "ಯಾರೂ ಮುಟ್ಟಬಾರದ ನೋಡ ಸಾಂತಿ, ಯಾರೂ ಅಂದ್ರ ಯಾರೂ." ಫೌಜುದಾರನ ಕೆಲಸ ಸಿಕ್ಕಂತೆ ನಾನು ಬೀಗಿದೆ.

ಅದೇ ಹೊತ್ತಿಗೆ ನೀಲಕ್ಕ ಮಲಗಿದಳು.

ನನ್ನ ಅಕ್ಕ ನೀಲವ್ವನಿಗೆ ಹನ್ನೆರಡು. ಗಜ್ಜಗದ ಆಟದಲ್ಲಿ ಅವಳನ್ನು ಸೋಲಿಸಿದವರಿಲ್ಲ. ಸಜ್ಜಿ ರೊಟ್ಟಿಗೆ ಬೆಣ್ಣೆ ಸವರಿ ಸುರುಳಿ ಸುತ್ತಿ, ದೊಡ್ಡ ತುಂಡು ನನಗೇ ಕೊಡುತ್ತಿದ್ದಳು. ಮೊದಲು ಜ್ವರ ಅಂದರು, ಆಮೇಲೆ ವಿಷಮಜ್ವರ ಅಂದರು. ವಿಜಾಪುರದಿಂದ ಟಾಂಗಾದಲ್ಲಿ ಬಂದ ಡಾಕ್ಟರು ನಾಲಿಗೆ ನೋಡಿ, "ಗಟ್ಟಿ ಏನೂ ಕೊಡಬ್ಯಾಡ್ರಿ. ದ್ರಾಕ್ಷಿ ಸಿಕ್ರ ರಸಾ ಹಿಂಡಿ ಕುಡಸ್ರಿ, ಜೀವಕ್ಕ ತ್ರಾಣ ಬರತೈತಿ" ಅಂದರು.

ಅಪ್ಪ ಅಂದೇ ಪ್ಯಾಟಿಗೆ ಓಡಿದ. ಸಂಜೆ ಬರಿಗೈಲಿ ಬಂದ. "ಲಡಾಯಿ ಐತಿ, ಹಣ್ಣಿನ ಪೆಟಗಿ ಬರವಲ್ವಂತ" ಅಂದು ಕಟ್ಟೆಯ ಮೇಲೆ ಕುಸಿದು ಕೂತ. ಆಮೇಲೆ ಎಲ್ಲರ ಕಣ್ಣೂ ಹಂದರದ ಕಡೆ ಹೋದವು. ಅವ್ವ ಬಾಯಿ ತೆರೆದಳು, "ಅತ್ತೀ, ಆ ಗೊನಿ..." ಆಯಿ ತಲೆ ಅಲ್ಲಾಡಿಸಿದಳು. "ಮೀಸಲ ಮುರದ್ರ ಇದ್ದದ್ದೂ ಹೋದೀತ ಬೇ. ಬರೂ ಸೋಮವಾರ ಹಣ್ಣಾಗತೈತಿ. ದೇವರಿಗೆ ಮುಟ್ಟಿಸಿ, ಪ್ರಸಾದ ತಂದ ಕುಡಸೂಣು. ಅವನೇ ಉಳಸ್ತಾನ." ಆಯಿಗೆ ಅಕ್ಕನ ಮೇಲೆ ಪ್ರೀತಿ ಇರಲಿಲ್ಲವೆಂದು ತಿಳಿಯಬೇಡಿ. ಅಕ್ಕನ ಮೇಲಿನ ಜೀವದಿಂದಲೇ ಆಕೆ ಹೆದರಿದ್ದಳು. ಅಪ್ಪ ಎದ್ದು ದನಕ್ಕೆ ಮೇವು ಹಾಕಲು ಹೋದ.

ಶನಿವಾರ ಮಧ್ಯಾಹ್ನ. ಅಪ್ಪ ಅವ್ವ ಹೊಲದಲ್ಲಿದ್ದರು, ಆಯಿ ಕೆರೆಗೆ ನೀರಿಗೆ ಹೋಗಿದ್ದಳು. ಅಕ್ಕನ ಹೊರಸು ಪಡಸಾಲೆಯಲ್ಲಿತ್ತು. ಅಲ್ಲಿಂದ ಹಂದರ ಕಾಣುತ್ತಿತ್ತು. ಜ್ವರದ ಹಾಸಿಗೆಯ ಹುಳಿ ವಾಸನೆ, ಬಾಗಿಲಿಗೆ ಸಿಕ್ಕಿಸಿದ ಬೇವಿನ ಸೊಪ್ಪಿನ ಕಹಿ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿವೆ.

"ಸಾಂತೀ," ಅಂದಳು. "ಒಂದ ಹಣ್ಣ ತಾರಲೇ. ಒಂದ."

"ಮೀಸಲ ಐತಿ ಅಕ್ಕಾ."

"ಬಾಯಿ ಒಣಗಾಕತ್ತೈತಿ. ಕೆಳಗಿಂದೊಂದ ಹರಕೊಂಡ ಬಾ, ಯಾರಿಗೂ ಗೊತ್ತಾಗಂಗಿಲ್ಲ."

"ದೇವರಿಗೆ ಗೊತ್ತಾಗತೈತಿ."

"ಅವಗ ನಾ ಹೇಳ್ತೀನಿ ಬಿಡ, ನಾನ ತಿಂದೀನಿ ಅಂತ."

ನಾನು ಏನು ಮಾಡಿದೆ ಗೊತ್ತೇ? ಕೋಲು ಎತ್ತಿ ಡಬ್ಬಿ ಬಾರಿಸಿದೆ, ಗಿಳಿ ಓಡಿಸಿದ ಹಾಗೆ. "ಆಯಿಗೆ ಹೇಳ್ತೀನಿ ನೋಡ!" ಅಂದೆ. ಅಕ್ಕ ನಕ್ಕಳು. "ಬ್ಯಾಡ ಬಿಡವಾ. ನೀ ಬೈಸ್ಕೋಬ್ಯಾಡ" ಅಂದು ಗೋಡೆಯ ಕಡೆ ಹೊರಳಿದಳು. ಆಯಿ ಬಂದಾಗ ನಾನು ಓಡಿಹೋಗಿ ಎಲ್ಲ ಹೇಳಿದೆ. ಆಯಿ ನನ್ನ ತಲೆ ಸವರಿ "ಶ್ಯಾಣ್ಯಾಕಿ" ಅಂದಳು.

ರವಿವಾರ ಹೊತ್ತೇರುವಷ್ಟರಲ್ಲಿ ಅಕ್ಕ ಹೋದಳು. ಸೋಮವಾರ ನಾಳೆಗೆ ಇತ್ತು.

ಮನೆ ತುಂಬ ಮಂದಿ ಅಳುತ್ತಿದ್ದರು. ಆಯಿ ಅಳಲಿಲ್ಲ. ಸರಸರ ಬಚ್ಚಲ ಕಡೆ ನಡೆದು, ಸೀರೆಯ ಚೂರು ಕಿತ್ತೆಸೆದು, ಗೊನೆಯನ್ನು ಮುರಿದು ತಂದಳು. ಹಣ್ಣಾಗಿತ್ತು. ಅಕ್ಕನ ತುಟಿ ಬಿಡಿಸಿ ಒಂದೊಂದೇ ಹಿಂಡಿದಳು. "ತಿನ್ನ ನನ್ನವ್ವಾ, ತಿನ್ನ." ರಸ ಗದ್ದದ ಮೇಲಿಂದ ಹರಿದು ಕುಪ್ಪಸ ತೋಯಿತು. ಯಾರಿಗೂ ತಡೆಯುವ ಧೈರ್ಯ ಆಗಲಿಲ್ಲ. ಗೊನೆ ಮುಗಿದ ಮೇಲೆ ಅಂಟುಗೈಯಲ್ಲೇ ನನ್ನ ಕಡೆ ತಿರುಗಿದಳು.

"ನಾ ಕೊಡಬ್ಯಾಡ ಅಂದಿದ್ನಿ, ಖರೆ. ನೀ ಯಾಕ ಕೇಳಿದಿ ಬೇ ನನ್ನ ಮಾತ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿ ಉತ್ತರ ಬೇಕಾಗಿತ್ತು ಆಕೆಗೆ. ಒಂದು ಹಣ್ಣಿನಿಂದ ಜೀವ ಉಳಿಯುತ್ತಿರಲಿಲ್ಲ ಅಂತ ಆಮೇಲೆ ಎಷ್ಟೋ ಜನ ಹೇಳಿದರು. ಉಳಿಯದಿದ್ದರೆ ಬಿಡಲಿ, ಬಾಯಿಯಾದರೂ ಸಿಹಿಯಾಗುತ್ತಿತ್ತಲ್ಲ!

ಆ ಬಳ್ಳಿಯನ್ನು ಅಪ್ಪ ಬುಡಸಮೇತ ಕಿತ್ತ. ಆ ಮನೆ ಈಗ ಇಲ್ಲ, ಅಲ್ಲೊಂದು ಡಾಂಬರು ರಸ್ತೆ ಹೋಗಿದೆ. ಅಕ್ಕನನ್ನು ಮಣ್ಣು ಮಾಡಿದ ಹೊಲವೂ ಪ್ಲಾಟಾಯಿತು. ಯಾರ ಮನೆಯ ಕೆಳಗೆ ಮಲಗಿದ್ದಾಳೋ ತಿಳಿಯದು. ಅವಳ ಹೆಸರು ಹಿಡಿದು ಕರೆದವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ.

ಹೋದ ಬೇಸಿಗೆ ಮೊಮ್ಮಗಳು ಟಿಕೋಟಾದ ತನ್ನ ಗಂಡನ ತೋಟಕ್ಕೆ ನನ್ನನ್ನು ಕರೆದೊಯ್ದಳು. ಹೆಣ್ಣಾಳುಗಳು ಗೊನೆ ಕತ್ತರಿಸಿ ಬುಟ್ಟಿ ಬುಟ್ಟಿ ಸುರಿಯುತ್ತಿದ್ದರು. ಮೊಮ್ಮಗಳ ಮಗಳು, ಐದು ವರ್ಷದ್ದು, ಬುಟ್ಟಿಯಿಂದ ಒಂದು ಹಣ್ಣೆತ್ತಿ, ತಿನ್ನದೆ ನನ್ನ ಮುಖ ನೋಡಿತು.

"ಆಯಿ, ಒಂದ ತಿನ್ಲೇನು?"

"ಕೇಳಬ್ಯಾಡಲೇ! ತಿನ್ನ! ಯಾರನ್ನೂ ಕೇಳಬ್ಯಾಡ!"

ಅಷ್ಟು ಜೋರಾಗಿ ಚೀರಿದೆನೆಂದು ನನಗೇ ತಿಳಿಯಲಿಲ್ಲ. ಆಳುಗಳೆಲ್ಲ ತಿರುಗಿ ನೋಡಿದರು. ಕೂಸು ಬೆದರಿ, ಹಣ್ಣನ್ನು ಮತ್ತೆ ಬುಟ್ಟಿಗೇ ಹಾಕಿ, ಅವರವ್ವನ ಹಿಂದೆ ಅಡಗಿತು. ಎಷ್ಟು ರಮಿಸಿದರೂ ಅಂದು ಅದು ಒಂದು ಹಣ್ಣನ್ನೂ ಬಾಯಿಗೆ ಹಾಕಲಿಲ್ಲ.