ಬೇಗೂರಿನ ಮಾರಕ್ಕ ನುಡಿದ ಸಾಕ್ಷಿ

ಬೇಗೂರಿನ ಮಾರಕ್ಕನಿಗೆ ಅರವತ್ತನಾಲ್ಕು ವರ್ಷ. ಮಾವನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ. ಕೆಳಗೆ ಮಾರಕ್ಕ, ಮಗ, ಸೊಸೆ ಯಮುನಾ, ಉಳಿದದ್ದೆಲ್ಲ ಬಾಡಿಗೆಯವರದು. ಮಧ್ಯಾಹ್ನ ಎರಡಕ್ಕೆ ಟಿ.ವಿ.ಯಲ್ಲಿ ಹಳೆಯದೊಂದು ಕೋರ್ಟಿನ ಧಾರಾವಾಹಿ ಮತ್ತೆ ಬರುತ್ತಿತ್ತು. ಕಂತಿಗೊಂದು ಕೊಲೆ, ಕೊನೆಯಲ್ಲಿ ವಕೀಲರ ಪ್ರಶ್ನೆಗೆ ಸಿಕ್ಕಿ ನಿಜವಾದ ಅಪರಾಧಿ ಬಾಯಿಬಿಡುತ್ತಿದ್ದ. ಆ ಒಂದು ಗಂಟೆ ಯಾರು ಕರೆದರೂ ಮಾರಕ್ಕ ಏಳುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಬುಧವಾರ ಎದ್ದಳು. ಕಂತಿನಲ್ಲಿ ಮನೆಗೆಲಸದ ಹೆಂಗಸೊಬ್ಬಳು ಸಾಕ್ಷಿ ಹೇಳಲು ಕಟಕಟೆ ಹತ್ತುತ್ತಿದ್ದಾಗ ಬೀದಿಯಲ್ಲಿ ದಢಾರನೆ ಸದ್ದಾಯಿತು. ಹೊರಗೆ ಬಂದು ನೋಡಿದರೆ, ಎರಡನೇ ಮಹಡಿಯ ಬಾಡಿಗೆಯವಳು ಭುವನೇಶ್ವರಿ ತನ್ನ ಸ್ಕೂಟರಿನಡಿ ಬಿದ್ದಿದ್ದಳು. ನೀರಿನ ಟ್ಯಾಂಕರೊಂದು ರಸ್ತೆಯ ಬಲಕ್ಕೆ ನುಗ್ಗಿ ನಿಂತಿತ್ತು. ಅದರ ಸ್ಟೇರಿಂಗ್ ಕಡೆಯ ಬಾಗಿಲಿನಿಂದ ಬೋಳುತಲೆಯ ದಪ್ಪ ಮನುಷ್ಯನೊಬ್ಬ ಇಳಿದು, ಬಿದ್ದವಳನ್ನು ಒಮ್ಮೆ ನೋಡಿ ಓಡಿಹೋದ. ಮಾರಕ್ಕ ಭುವನೇಶ್ವರಿಯನ್ನು ಆಟೋಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು. ಸಂಜೆ ಪೊಲೀಸರು ಏನೋ ಬರೆದುಕೊಂಡರು. ಓಡಿಹೋದವನು ಹೇಗಿದ್ದ ಎಂದು ಯಾರೂ ಕೇಳಲಿಲ್ಲ. ಮರುದಿನ ಚಾಲಕ ತಾನಾಗಿಯೇ ಠಾಣೆಗೆ ಬಂದು ಒಪ್ಪಿಕೊಂಡನೆಂದು ಸುದ್ದಿಯಾಯಿತು.

ಕೋರ್ಟಿನಿಂದ ಸಮನ್ಸ್ ಬರಲು ಒಂದೂವರೆ ವರ್ಷ ಹಿಡಿಯಿತು. ವಿಚಾರಣೆಯ ಹಿಂದಿನ ದಿನ ಸರ್ಕಾರಿ ವಕೀಲರು ಅವಳ ಹೇಳಿಕೆಯನ್ನು ಓದಿ ಹೇಳಿದರು. ಟ್ಯಾಂಕರ್ ಗುದ್ದಿದ್ದನ್ನು ಕಣ್ಣಾರೆ ಕಂಡೆ ಎಂದು ಅದರಲ್ಲಿತ್ತು.

"ಗುದ್ದಿದ್ದು ನಾನ್ ಕಂಡಿಲ್ಲ ಸ್ವಾಮಿ. ಸದ್ದು ಕೇಳಿ ಒರಗ್ ಬಂದೆ."

"ಕಂಡೆ ಅಂತಾನೇ ಹೇಳಿಮ್ಮಾ. ಇಲ್ಲಾಂದ್ರೆ ಕೇಸ್ ನಿಲ್ಲಲ್ಲ."

ಮಾರಕ್ಕನಿಗೆ ಸಂಕಟವಾಯಿತು. ಕೇಸು ಬಿದ್ದುಹೋದರೆ ಕಾಲು ಮುರಿದುಕೊಂಡ ಭುವನೇಶ್ವರಿಗೆ ಅನ್ಯಾಯ. ಕಾಣದ್ದನ್ನು ಕಂಡೆ ಎನ್ನಲು ನಾಲಿಗೆ ಏಳದು. ಆ ದಿನ ಅರ್ಧಕ್ಕೆ ಬಿಟ್ಟೆದ್ದ ಕಂತು ನೆನಪಾಗಿ, ಯಮುನಾಳ ಕೈಲಿ ಫೋನಿನಲ್ಲಿ ಹುಡುಕಿಸಿ ಪೂರ್ತಿ ನೋಡಿದಳು. ಆ ಕೆಲಸದವಳು ಯಜಮಾನಿಯ ಮೇಲಿನ ಪ್ರೀತಿಗೆ ಒಂದೇ ಒಂದು ಸುಳ್ಳು ಸೇರಿಸಿದ್ದಳು. ಎದುರು ವಕೀಲ ಅದನ್ನೇ ಹಿಡಿದು ಜಗ್ಗಿದ. ಆಮೇಲೆ ಅವಳು ನಿಜವಾಗಿ ಕಂಡದ್ದನ್ನೂ ಯಾರೂ ನಂಬಲಿಲ್ಲ.

"ನಾನ್ ಕಂಡಿದ್ದಷ್ಟೇ ಏಳ್ತೀನಿ ಕಣಮ್ಮ," ಎಂದಳು ಸೊಸೆಗೆ.

ಕೋರ್ಟಿನಲ್ಲಿ ಹಾಗೆಯೇ ಹೇಳಿದಳು. ಸರ್ಕಾರಿ ವಕೀಲರ ಮುಖ ಸಪ್ಪಗಾಯಿತು. ಟ್ಯಾಂಕರಿನಿಂದ ಇಳಿದವನು ಇವನೇ ತಾನೇ ಎಂದು ಅವರು ಆರೋಪಿಯತ್ತ ಕೈ ತೋರಿಸಿದರು. ಅಮರೇಶ್ ಎಂಬ ಬಡಕಲು ಮೈಯವ, ತಲೆತುಂಬ ಕೂದಲು. ಮಾರಕ್ಕ ಅವನನ್ನು ನೋಡಿದ್ದು ಅದೇ ಮೊದಲು.

"ಇವನಲ್ಲ. ಇಳಿದೋನು ಬೋಳುತಲೆಯೋನು, ದಪ್ಪುಕ್ಕಿದ್ದ."

ಟ್ಯಾಂಕರ್ ಮಾಲೀಕ ಗೊತ್ತುಮಾಡಿದ್ದ ಆರೋಪಿಯ ಪರ ವಕೀಲರು ಎದ್ದರು. "ಟಿ.ವಿ. ನೋಡ್ತಾ ಕೂತಿದ್ದೋರಿಗೆ ಡ್ರೈವರ್ ಮುಖ ಹೇಗಮ್ಮಾ ಗೊತ್ತಾಯ್ತು?"

"ಟಿ.ವಿ. ಒಳಗಿತ್ತು ಸ್ವಾಮಿ, ನಾನು ಬಾಕ್ಲಾಗಿದ್ದೆ. ಅವ್ನು ನನ್ ಮುಂದೇನೇ ಓಡೋದ. ಗುದ್ದಿದ್ದು ಕಂಡಿಲ್ಲ ಅಂತ ನಾನೇ ಒಪ್ಕೊಂಡೆ. ಇದನ್ನ ಯಾಕ್ ಸುಳ್ಳೇಳ್ಲಿ?"

ನ್ಯಾಯಾಧೀಶರು ಅಷ್ಟನ್ನೂ ಬರೆಸಿಕೊಂಡರು. ಧಾರಾವಾಹಿಯಂತೆ ಹಿಂದಿನ ಬೆಂಚಿನಿಂದ ಯಾರೂ ಎದ್ದು ತಪ್ಪೊಪ್ಪಿಕೊಳ್ಳಲಿಲ್ಲ. ಮುಂದಿನ ತಾರೀಖು ಕೊಟ್ಟರು, ಅಷ್ಟೇ. ಅಮರೇಶ್ ನೆಲ ನೋಡುತ್ತ ನಿಂತಿದ್ದ.

ಎರಡು ತಾರೀಖು ಕಳೆದ ಮೇಲೆ ಅವನೇ ನ್ಯಾಯಾಧೀಶರ ಮುಂದೆ ನಿಜ ಹೇಳಿದ. ಓಡಿಸಿದವನು ಟ್ಯಾಂಕರ್ ಮಾಲೀಕನ ಭಾವಮೈದುನ. ಅವನಿಗೆ ಲೈಸೆನ್ಸ್ ಇಲ್ಲದ್ದರಿಂದ ತನ್ನನ್ನು ಮುಂದೆ ನಿಲ್ಲಿಸಿದರು ಎಂದ. ಕೋರ್ಟು ಮತ್ತೆ ತನಿಖೆಗೆ ಹೇಳಿತು. ಈಗ ಕಟಕಟೆಯಲ್ಲಿ ನಿಲ್ಲುವವನು ಆ ಬೋಳುತಲೆಯವನು. ಮಾರಕ್ಕ ಇನ್ನೊಮ್ಮೆ ಹೋಗಿ ಅವನನ್ನು ಗುರುತಿಸಿ ಬಂದಿದ್ದಾಳೆ.

ಭುವನೇಶ್ವರಿ ತನ್ನ ಗಾರ್ಮೆಂಟ್ಸ್ ಕೆಲಸಕ್ಕೆ ಮರಳಿದ್ದಾಳೆ, ಆದರೆ ಮೆಟ್ಟಿಲು ಹತ್ತುವುದು ಕಷ್ಟ. ಮಾರಕ್ಕ ಮಗನನ್ನೂ ಸೊಸೆಯನ್ನೂ ಒಪ್ಪಿಸಿದಳು; ಮೂವರೂ ಎರಡನೇ ಮಹಡಿಗೆ ಹೋಗಿ, ಕೆಳಗಿನ ಮನೆಯನ್ನು ಭುವನೇಶ್ವರಿಗೆ ಬಿಟ್ಟುಕೊಟ್ಟರು.