ಹುರುಳಿ ಹೊಟ್ಟು ಕುಡಿದ ರೇಸ್ ಕಾರು

ಬೆಳಗಿನ ಆರು ಗಂಟೆ. ಮಳವಳ್ಳಿಯ ಹೊರಗೆ, ಸೈಟುಗಳು ಮಾರಾಟವಾಗದೆ ಪಾಳುಬಿದ್ದ ಬಡಾವಣೆಯೊಂದರ ನೇರ ಟಾರು ರಸ್ತೆ. ಬಾನೆಟ್ಟಿಲ್ಲದ ಕಾರಿನ ಮುಂದೆ ಬಗ್ಗಿ ನಿಂತ ಪುಟ್ಟಸ್ವಾಮಿ ಎಂಜಿನ್ನಿಗೆ ಕಿವಿಗೊಟ್ಟು, ಕಾರ್ಬ್ಯುರೇಟರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಸ್ಟೀರಿಂಗ್ ಹಿಡಿದು ಕೂತವರು ಹೆಲ್ಮೆಟ್ ತೊಟ್ಟ ಹೆಂಡತಿ ಪಟ್ಟಲಮ್ಮ. ಪುಟ್ಟಸ್ವಾಮಿ ಬದಿಗೆ ಸರಿದು, ಎತ್ತಿದ ಕೈ ಇಳಿಸಿದ್ದೇ ತಡ, ಕಾರು ಚಿಮ್ಮುತ್ತದೆ. ಇನ್ನೂರು ಮೀಟರಿಗೆ ಒಂಬತ್ತೂ ಮುಕ್ಕಾಲು ಸೆಕೆಂಡು.

"ಎರಡ್ನೇ ಗೇರು ಲೇಟಾಯ್ತು ಕಣಮ್ಮಿ."

"ಲೇಟಾಗಿದ್ದು ಗೇರಲ್ಲ, ಗಡಿಯಾರ ಒತ್ತೋ ನಿಮ್ ಬೆಳ್ಳು," ಎನ್ನುತ್ತಾರೆ ಪಟ್ಟಲಮ್ಮ.

ಐವತ್ತೊಂದರ ಪುಟ್ಟಸ್ವಾಮಿಯವರದು ಮದ್ದೂರು ರಸ್ತೆಯಲ್ಲಿ ತಗಡಿನ ಗ್ಯಾರೇಜು. ದಿನಕ್ಕೆ ಐದಾರು ಗಾಡಿ, ಹೆಚ್ಚಿನವು ಟ್ರ್ಯಾಕ್ಟರು. ಗುಜರಿಗೆ ಹೊರಟಿದ್ದ ಹಳೆಯ ಕಾರೊಂದನ್ನು ತಂದು, ಬಿಡುವಿನ ಭಾನುವಾರಗಳಲ್ಲೇ ನಾಲ್ಕು ವರ್ಷ ಕೂತು ಇದನ್ನು ಕಟ್ಟಿದ್ದಾರೆ. ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಇದಕ್ಕಿಲ್ಲ. ಒಳ್ಳೆಯ ಟರ್ಬೊ ಒಂದರ ಬೆಲೆಗೆ ಇವರ ಇಡೀ ಕಾರೇ ಸಿದ್ಧವಾಗಿದೆ. "ತಾನೇ ಉಸ್ರೆಳ್ಕಂಡು ಓಡೋ ಎಂಜಿನ್ನು ಸಾ. ನಾನೂ ಅಂಗೇ ಬದ್ಕಿರೋದು," ಎಂದು ನಗುತ್ತಾರೆ.

ಶಕ್ತಿ ಹೆಚ್ಚಿಸಲು ದುಡ್ಡು ಬೇಕು, ತೂಕ ಇಳಿಸಲು ಸ್ಪ್ಯಾನರು ಸಾಕು. ಹಿಂದಿನ ಸೀಟು, ಗಾಜು, ಮ್ಯಾಟು ಎಲ್ಲ ಕಿತ್ತು, ಕಬ್ಬಿನ ಲಾರಿಗಳ ಹಿಂದೆ ಸಾಲಿನಲ್ಲಿ ನಿಂತು ವೇಬ್ರಿಡ್ಜಿನಲ್ಲಿ ತೂಗಿಸಿದಾಗ ಬಂದದ್ದು ಆರುನೂರ ಎಂಬತ್ತು ಕೆಜಿ. ಇನ್ನು ಕಳೆಯಲು ಉಳಿದಿದ್ದವರು ಎಂಬತ್ತನಾಲ್ಕು ಕೆಜಿಯ ಪುಟ್ಟಸ್ವಾಮಿಯೇ! ಹನ್ನೊಂದು ವರ್ಷದಿಂದ ಸ್ಕೂಲ್ ವ್ಯಾನ್ ಓಡಿಸುವ, ನಲವತ್ತೇಳು ಕೆಜಿಯ ಪಟ್ಟಲಮ್ಮನಿಗೆ ಸೀಟು ಸಿಕ್ಕಿದ್ದು ಹೀಗೆ.

ಹೋದ ವರ್ಷ ನಾನೂರು ಮೀಟರ್ ನೇರ ಓಟದ ರೇಸಿಗೆ ಎಂಟು ದಿನವಿರುವಾಗ, ಎಂಜಿನ್ನು ಇನ್ನಷ್ಟು ಸಲೀಸಾಗಿ ಉಸಿರಾಡಲೆಂದು ಪುಟ್ಟಸ್ವಾಮಿ ದೂಳು ತಡೆಯುವ ಏರ್ ಫಿಲ್ಟರನ್ನೇ ಕಿತ್ತಿಟ್ಟರು. ಅದೇ ವಾರ, ಗ್ಯಾರೇಜಿನ ಹಿಂದಿನ ಮನೆಯ ಬೆಟ್ಟಮ್ಮನ ಹುರುಳಿ ಕೊಯ್ಲು. ಬೆಳೆಯನ್ನು ರಸ್ತೆಗೆ ಹರಡಿ, ಓಡಾಡುವ ಗಾಡಿಗಳಿಂದ ಒಕ್ಕಿಸಿಕೊಳ್ಳುವುದು ಇಲ್ಲಿನ ರೂಢಿ. ಬಡಾವಣೆಯ ರಸ್ತೆಯಲ್ಲಿ ಓಡಾಡುವುದು ಇದೊಂದೇ ಕಾರು. "ಎಂಗೂ ದಿನಾ ನಾಕು ಸಲ ಓಡ್ಸ್ತೀಯಲ್ಲ ಮಗ, ನನ್ ಉಳ್ಳಿ ಮೇಲೇ ಓಡ್ಸು," ಎಂದರು ಬೆಟ್ಟಮ್ಮ. ಇಲ್ಲ ಎನ್ನುವ ಮಾತು ಪುಟ್ಟಸ್ವಾಮಿಯ ಬಾಯಲ್ಲಿ ಬರುವುದೇ ಅಪರೂಪ. ಹುರುಳಿ ಚೆನ್ನಾಗಿಯೇ ಉದುರಿತು. ಹೊಟ್ಟು, ದೂಳು ಎಲ್ಲ ಎಂಜಿನ್ನಿನ ಹೊಟ್ಟೆ ಸೇರಿ ಸಿಲಿಂಡರುಗಳ ತುಂಬ ಗೀರು ಬಿತ್ತು. ಆ ಗೀರು ಹೋಗುವಂತೆ ಮಂಡ್ಯದಲ್ಲಿ ಬೋರಿಂಗ್ ಮಾಡಿಸಿ ತರುವಷ್ಟರಲ್ಲಿ ರೇಸು ಮುಗಿದೇ ಹೋಗಿತ್ತು.

ಹಾಗಾಗಿ ಈ ಕಾರು ಇನ್ನೂ ಒಮ್ಮೆಯೂ ರೇಸಿನ ಗೆರೆಯ ಮೇಲೆ ನಿಂತಿಲ್ಲ. ಬರುವ ಭಾನುವಾರ, ಹಳೆಯ ವಿಮಾನ ನಿಲ್ದಾಣವೊಂದರಲ್ಲಿ ಅದರ ಮೊದಲ ಓಟ. ನಾನೂರು ಮೀಟರನ್ನು ಹದಿನೈದು ಸೆಕೆಂಡಿನೊಳಗೆ ಮುಗಿಸಬೇಕೆಂಬುದು ನಾಲ್ಕು ವರ್ಷದ ಆಸೆ. ಫಿಲ್ಟರ್ ಇದ್ದರೆ ಹದಿನೈದರ ಆಚೀಚೆ. ತೆಗೆದರೆ ನಿಶ್ಚಿಂತೆಯಿಂದ ಒಳಗೆ.

ಬೆಟ್ಟಮ್ಮನಿಗೆ ಈಗ ಅರವತ್ತೆಂಟು. ಈ ಸಲದ ಹುರುಳಿಯನ್ನು ರಸ್ತೆಗೆ ತಂದಿಲ್ಲ, ಅಂಗಳದಲ್ಲಿ ದೊಣ್ಣೆ ಹಿಡಿದು ಒಬ್ಬರೇ ಬಡಿಯುತ್ತಿದ್ದಾರೆ. "ನನ್ ಉಳ್ಳಿ ಅವನ್ ಎಂಜಿನ್ ತಿಂದಾಕ್ತು ಕಣಪ್ಪ. ಆ ರೋಡಿಗಿನ್ನು ಒಂದ್ ಕಾಳೂ ಆಕಾಕಿಲ್ಲ."

ಎಂಜಿನ್ನು ಹೋದದ್ದಕ್ಕಿಂತ ಈ ಮಾತೇ ಪುಟ್ಟಸ್ವಾಮಿಯನ್ನು ಹೆಚ್ಚು ನೋಯಿಸಿದೆ. "ಫಿಲ್ಟ್ರು ಕಿತ್ತಾಕಿದ್ದು ನಾನು. ಉಳ್ಳಿ ಏನ್ ಮಾಡ್ತು ಸಾ? ಅವ್ವ ಬಡ್ಯೋ ಸದ್ದು ಗ್ಯಾರೇಜ್‌ಗಂಟ ಕೇಳ್ತದೆ. ಕೆಲ್ಸ ಮಾಡಕ್ಕೆ ಕೈ ಓಡಾಕಿಲ್ಲ."

ಪಟ್ಟಲಮ್ಮ ಹೆಲ್ಮೆಟ್ ಕಳಚುತ್ತ ಗಂಡನನ್ನು ಕೆಣಕುತ್ತಾರೆ. "ಭಾನ್ವಾರ ಒಂದಿನ ಫಿಲ್ಟ್ರು ತಗ್ದುಬುಡಿ. ಇಮಾನ ಇಳ್ಯೋ ಜಾಗ್ದಲ್ಲಿ ಯಾರಾದ್ರೂ ಉಳ್ಳಿ ಅರಡಿರ್ತಾರಾ?"

ಪುಟ್ಟಸ್ವಾಮಿ ಫಿಲ್ಟರನ್ನು ಒರೆಸಿ, ಕೂರಿಸಿ, ನಟ್ಟು ಬಿಗಿ ಮಾಡುತ್ತಾರೆ.

"ಬ್ಯಾಡ. ಭಾನ್ವಾರ ಓಡಿದ್ ಕಾರೇ, ಒಂದು ನಟ್ಟೂ ಬಿಚ್ಚದಂಗೆ, ಸೋಮ್ವಾರ ಅವ್ವನ ಉಳ್ಳಿ ಮೇಲೆ ಓಡ್ಬೇಕು. ಹದಿನೈದ್ರೊಳಗೆ ಬಂದ್ರೂ ಸರಿ, ಬರ್ದಿದ್ರೂ ಸರಿ. ಫಿಲ್ಟ್ರಿದ್ರೆ ಉಳ್ಳಿ ಏನೂ ಮಾಡಾಕಿಲ್ಲ ಅಂತ ಕಣ್ಣಾರೆ ಕಂಡು ಅವ್ವ ಆ ದೊಣ್ಣೆ ಕೆಳಕ್ಕಿಕ್ಬೇಕು, ಅಷ್ಟೇಯ."