ಗೆನ್‌ಲಾಯ್‌ನ ಮಡಚದ ಮಂಡಿ

ಹೌ ಗೆನ್‌ಲಾಯ್‌ನ ಕಾಲುಗಳು ಅವನ ಮಾತು ಕೇಳುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಚೀನಾದ ನಮ್ಮ ಶಾನ್‌ಶಿ ಸೀಮೆಯ ಕಲ್ಲಿದ್ದಲು ಊರುಗಳಲ್ಲಿ ಇಂಥವರು ಬೀದಿಗೊಬ್ಬರು ಸಿಗುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಗಣಿಯೊಳಗೆ ತಲೆಯ ಮೇಲಿನ ಬಂಡೆ ಕಳಚಿ ಬಿದ್ದಿತ್ತು. ಜೀವ ಉಳಿಯಿತು, ಬೆನ್ನುಹುರಿ ಅರೆಬರೆ ಉಳಿಯಿತು. ಎರಡು ಕೋಲು ಊರಿಕೊಂಡು ಅಂಗಳದ ತನಕ ನಡೆಯುತ್ತಿದ್ದ, ಅಷ್ಟೇ. ಕಾಲುಗಳು ಹಲಗೆಯ ಹಾಗೆ ಸೆಟೆದುಕೊಂಡಿರುತ್ತಿದ್ದವು. ತಣ್ಣನೆ ಗಾಳಿ ಬಡಿದರೂ ಸಾಕು, ಸೆಳೆತ ಬಂದು ತಾವೇ ಒದ್ದಾಡುತ್ತಿದ್ದವು. ಒಳಗೆ ನರಗಳ ಉರಿ ಬೇರೆ. ಕಾದ ತಂತಿಯನ್ನು ತೊಡೆಯಿಂದ ಹಿಮ್ಮಡಿಗೆ ಯಾರೋ ಎಳೆಯುತ್ತಿದ್ದಾರೆ ಅನ್ನುತ್ತಿದ್ದ.

ಅದಕ್ಕೆಂದು ಜಿಲ್ಲಾಸ್ಪತ್ರೆಯ ಡಾಕ್ಟರ್ ಶ್ಯೂ ಎರಡು ತರದ ಔಷಧಿ ಬರೆದುಕೊಟ್ಟಿದ್ದಳು. ಬಿಗಿತ ಸಡಿಲಿಸುವ ಬಿಳಿ ಮಾತ್ರೆ ದಿನಕ್ಕೆ ಮೂರು, ಉರಿಗೆ ಒಂದು ಕ್ಯಾಪ್ಸೂಲು. ಆಕೆ ಹೇಳಬೇಕಾದ್ದನ್ನೆಲ್ಲ ಬಿಡಿಸಿ ಹೇಳಿದ್ದಳು: ಹೊಟ್ಟೆಗೆ ಏನಾದರೂ ಹಾಕಿಕೊಂಡು ನುಂಗಬೇಕು, ಸಾರಾಯಿ ಮುಟ್ಟಬಾರದು, ಒಮ್ಮೆಗೇ ನಿಲ್ಲಿಸಬಾರದು, ಒಂದು ಹೊತ್ತಿನದು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಗೆನ್‌ಲಾಯ್ ಆಗ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡುತ್ತಿದ್ದ. ಕೇಳಿಸಿಕೊಂಡವಳು ಅವನ ಅವ್ವ.

ಅವ್ವನಿಗೆ ಅಕ್ಷರ ಬಾರದು. ಆದರೆ ಕಿವಿಗೆ ಬಿದ್ದದ್ದು ಅವಳ ತಲೆಯಿಂದ ಆಚೆ ಹೋಗುತ್ತಿರಲಿಲ್ಲ. ಬೆಳಗಾದರೆ ಕಿಟಕಿಯ ಕಟ್ಟೆಯ ಮೇಲೆ ಮೂರು ಟೀ ಬಟ್ಟಲು ಬೋರಲು ಹಾಕುತ್ತಿದ್ದಳು, ಒಂದೊಂದರ ಕೆಳಗೆ ಒಂದೊಂದು ಹೊತ್ತಿನ ಮಾತ್ರೆ. ಸೀಸೆಗಳು ಅವಳ ಟ್ರಂಕಿನಲ್ಲಿ, ಟ್ರಂಕಿನ ಕೀಲಿಕೈ ಅವಳ ಸೊಂಟದಲ್ಲಿ. ಒಮ್ಮೆ ಮಧ್ಯಾಹ್ನದ್ದು ಮರೆತು ಸಂಜೆಗೆ ಎರಡು ಕೇಳಿದ್ದಕ್ಕೆ ಅವನನ್ನು ಚೆನ್ನಾಗಿ ಬೈದಿದ್ದಳು.

"ತಪ್ಪಿದ್ದು ತಪ್ಪಿತು, ಬಿಡು. ಊಟ ಬಿಟ್ರೆ ಮಾರನೇ ದಿನ ಎರಡು ಊಟ ಮಾಡ್ತೀಯ? ಮಾಡಿದ್ರೂ ಮಾಡ್ತೀಯ ನೀನು, ಹೊಟ್ಟೆಬಾಕ."

ಬೆಳಗಿನ ಮಾತ್ರೆ ಒಳಗಿಳಿದು ಒಂದು ಗಂಟೆಯಾದ ಮೇಲೆ ಅವಳ ಇನ್ನೊಂದು ಕೆಲಸ ಶುರುವಾಗುತ್ತಿತ್ತು. ಕೆಳಗೆ ಬೆಂಕಿ ಹರಿಯುವ ಇಟ್ಟಿಗೆಯ ಜಗಲಿಯ ಮೇಲೆ ಅವನನ್ನು ಬೋರಲು ಮಲಗಿಸಿ, ಬಿಸಿನೀರಿನ ಬಟ್ಟೆ ಸುತ್ತಿ, ಒಂದೊಂದೇ ಮಂಡಿಯನ್ನು ಮೆಲ್ಲಗೆ, ಬಲು ಮೆಲ್ಲಗೆ ಮಡಚುತ್ತಿದ್ದಳು. ಸೆಳೆತ ಬಂದರೆ ನಿಲ್ಲಿಸಿ ಕಾಯುವಳು. ಅರ್ಧ ಗಂಟೆ ಹಿಡಿಯುತ್ತಿತ್ತು. ಎಪ್ಪತ್ತು ದಾಟಿದ ಹೆಂಗಸು ನಲವತ್ತಾರರ ಮಗನ ಕಾಲಿನ ಮೇಲೆ ಕೂತು ಬೆವರುವುದನ್ನು ನೋಡಲಾಗದೆ ಸೊಸೆ ಫೆಂಗ್‌ಶಿಯನ್ ನೂರು ಸಲ ಹೇಳಿದ್ದಳು, ನಾನು ಮಾಡ್ತೀನಿ ಬಿಡು ಅತ್ತೆ ಎಂದು. ಬೇಡವೆಂದವನು ಗೆನ್‌ಲಾಯ್. ಹೆಂಡತಿಯ ಎದುರು ಹೀಗೆ ಬಿದ್ದುಕೊಳ್ಳಲು ಅವನಿಗೆ ನಾಚಿಕೆ. ಗಂಡಸರ ನಾಚಿಕೆಗೆ ಹೊತ್ತುಗೊತ್ತಿಲ್ಲ, ಬೇಡದ ಕಡೆ ಬಂದು ಕೂರುತ್ತದೆ.

ನಾಲ್ಕು ವರ್ಷದ ಕೆಳಗೆ ಅಪ್ಪ ಸತ್ತಾಗ ಊರೆದುರು ಅವಮಾನವಾಗಿತ್ತು. ನಮ್ಮಲ್ಲಿ ಶವದ ಪೆಟ್ಟಿಗೆ ಎತ್ತುವ ಮೊದಲು ಮಗನಾದವನು ಮಂಡಿಯೂರಿ, ಸತ್ತವರಿಗೆಂದು ಸುಟ್ಟ ಕಾಗದದ ಬೂದಿ ತುಂಬಿದ ಮಣ್ಣಿನ ಮಡಕೆಯನ್ನು ತಲೆಯ ಮೇಲೆತ್ತಿ ಒಂದೇ ಏಟಿಗೆ ಒಡೆಯಬೇಕು. ಗೆನ್‌ಲಾಯ್ ಒಬ್ಬನೇ ಮಗ. ಅವತ್ತು ಎರಡೂ ಕೋಲು ಬಿಟ್ಟು ನಿಂತಲ್ಲಿಂದಲೇ ಎಸೆದ, ಜೋಲಿ ತಪ್ಪಿ ತಾನೂ ಬಿದ್ದ. ಮಡಕೆ ಹುಲ್ಲಿನ ಮೇಲೆ ಉರುಳಿಕೊಂಡು ಹೋಗಿ ಸುಮ್ಮನೆ ನಿಂತಿತು. ಕೊನೆಗೆ ಚಿಕ್ಕಪ್ಪನ ಮಗ ಯಿನ್‌ಹು ಅದನ್ನು ತಂದು ಅವನ ಕೈಗೆ ಕೊಟ್ಟು ಎರಡನೇ ಸಲ ಒಡೆಸಿದ. ಜನ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಆಮೇಲೆ ನಾಲ್ಕು ವರ್ಷವೂ ಆ ಉರುಳಿದ ಮಡಕೆಯ ಮಾತನ್ನೇ ಆಡಿದರು.

ಅಂದು ಅವ್ವ ಹೇಳಿದ್ದಳು: "ನನ್ನ ಸರದಿ ಬಂದಾಗ ಮಂಡಿಯೂರಿ ಒಡಿ. ಅದಕ್ಕೇ ನಾಳೆಯಿಂದ ದಿನಾ ಇದನ್ನ ಮಡಚ್ತೀನಿ."

ನಗುತ್ತಲೇ ಹೇಳಿದ್ದಳು. ಅವನು ಅದನ್ನು ನಗೆಗೆ ತೆಗೆದುಕೊಳ್ಳಲಿಲ್ಲ.

ಆ ಸರದಿ ಮೊನ್ನೆ ಚಳಿಗಾಲದಲ್ಲಿ ಬಂತು. ಬೆಳಗಿನ ನವಣೆ ಗಂಜಿ ಕಾಯಿಸಿ, ಅವನಿಗೆ ಬಡಿಸಿ, ಮೊದಲ ಬಟ್ಟಲೆತ್ತಿ ಮಾತ್ರೆ ನುಂಗಿಸಿದವಳು ಒಲೆಯ ಮುಂದೆ ಕೂತಳು, ಏಳಲಿಲ್ಲ.

ಮನೆ ತುಂಬ ನೆಂಟರು. ಸೂತಕಕ್ಕೆ ತೊಡಲು ಬಿಳಿ ಬಟ್ಟೆ ಹರಿಯುವವರು, ಬಾಣಲೆ ಇಡುವವರು, ಅಂಗಳದಲ್ಲಿ ಕಹಳೆ ಊದುವವರು. ಬಂದ ಹೆಂಗಸರು ಕಿಟಕಿಯ ಕಟ್ಟೆಯ ಮೇಲಿದ್ದ ಬಟ್ಟಲುಗಳನ್ನು ಎತ್ತಿ ತೊಳೆದು ನೆಂಟರಿಗೆ ಟೀ ಕೊಟ್ಟರು. ಕೆಳಗಿದ್ದ ಮಾತ್ರೆಗಳು ಏನಾದವೋ ದೇವರೇ ಬಲ್ಲ. ಮಧ್ಯಾಹ್ನದ್ದು ಹೋಯಿತು, ಸಂಜೆಯದೂ ಹೋಯಿತು. ಮಾರನೇ ದಿನ ಮೂರು ಹೊತ್ತಿನದೂ ಹೋಯಿತು. ಫೆಂಗ್‌ಶಿಯನ್‌ಗೆ ಅಡುಗೆಮನೆಯಿಂದ ತಲೆ ಎತ್ತಲು ಬಿಡುವಿಲ್ಲ. ಗೆನ್‌ಲಾಯ್‌ಗೆ ನೆನಪಾದರೂ, ಅವ್ವ ಪೆಟ್ಟಿಗೆಯಲ್ಲಿ ಮಲಗಿರುವಾಗ ಅವಳ ಟ್ರಂಕಿಗೆ ಕೈ ಹಾಕಲು ಮನಸ್ಸು ಬರಲಿಲ್ಲ.

ಬಿಟ್ಟ ಮಾತ್ರೆ ಸುಮ್ಮನಿರಲಿಲ್ಲ. ಎರಡನೇ ದಿನ ಮಧ್ಯಾಹ್ನ ಅವನು ಪೆಟ್ಟಿಗೆಯ ಪಕ್ಕ ನಿಂತು ಬಂದವರಿಗೆ ತಲೆಬಾಗುತ್ತಿದ್ದಾಗ ಬಲಗಾಲು ಇದ್ದಕ್ಕಿದ್ದಂತೆ ಒದ್ದು ಧೂಪದ ಮೇಜನ್ನೇ ಉರುಳಿಸಿತು. ಯಿನ್‌ಹು ಓಡಿಬಂದು ಹಿಡಿದುಕೊಂಡ. ಆ ಚಳಿಯಲ್ಲೂ ಗೆನ್‌ಲಾಯ್‌ನ ಮೈ ಬೆವರುತ್ತಿತ್ತು.

"ಅಣ್ಣ, ಕೂತ್ಕೊ. ನಾಳೆ ಮಡಕೆ ನಾನು ಹಿಡೀತೀನಿ, ನೀನು ಪಕ್ಕದಲ್ಲಿ ಕೈ ಮುಟ್ಟಿಸು, ಸಾಕು."

"ಯಾಕೆ, ನನ್ನವ್ವನಿಗೆ ಮಗ ಇಲ್ವ?"

"ಹಂಗಲ್ಲಣ್ಣ."

"ಹಂಗೇ. ನಾನು ಮಂಡಿಯೂರ್ತೀನಿ, ನೋಡ್ತಿರು."

ಕುಲದ ಹಿರಿಯ ಮಾನ್‌ಚಾಂಗ್ ಅಜ್ಜ ಈ ಸಾವಿನ ಯಜಮಾನಿಕೆ ವಹಿಸಿದ್ದ. ಅವನು ಗೆನ್‌ಲಾಯ್‌ನ ಕಾಲಿನ ಕಡೆ ಒಂದು ಸಲ ನೋಡಿ, "ಹತ್ತು ಗಂಟೆಗೆ ಪೆಟ್ಟಿಗೆ ಎತ್ತಬೇಕು. ಗಳಿಗೆ ನಿನ್ನ ಮಂಡಿಗೋಸ್ಕರ ಕಾಯಲ್ಲ ಕಣಪ್ಪ" ಅಂದ. ಕೆಟ್ಟ ಮುದುಕನೇನಲ್ಲ, ಆದರೆ ನಾಲಿಗೆಗೆ ಹಿಡಿತವಿಲ್ಲ.

ಮೂರನೇ ದಿನ ಬೆಳಕು ಹರಿದ ಮೇಲೆ ಗೆನ್‌ಲಾಯ್ ಅವ್ವನ ಸೊಂಟದಿಂದ ಬಿಚ್ಚಿದ ಕೀಲಿಕೈಯನ್ನು ಹೆಂಡತಿಯಿಂದ ಇಸಿದುಕೊಂಡು ಒಳಕೋಣೆಗೆ ಹೋಗಿ ಟ್ರಂಕು ತೆರೆದ. ತಪ್ಪಿದವು ಐದು, ಇವತ್ತಿನದು ಒಂದು. ಮೊದಲು ಎರಡು ನುಂಗಿದ. ಕಾಲು ಗಂಟೆ ಕಾದ. ಮಂಡಿ ಜಗ್ಗಲಿಲ್ಲ. ಆ ಮಾತ್ರೆ ಕೆಲಸ ಮಾಡಲು ಒಂದು ಗಂಟೆ ಬೇಕು, ಅವ್ವ ಅದಕ್ಕೇ ದಿನಾ ಒಂದು ಗಂಟೆ ಕಾಯುತ್ತಿದ್ದದ್ದು. ಅಷ್ಟು ವರ್ಷ ಅವಳ ಕೈಕೆಳಗೆ ಮಲಗಿದವನಿಗೆ ಅದು ಹೊಳೆಯಲಿಲ್ಲ. ಉಳಿದ ನಾಲ್ಕನ್ನೂ ಬಾಯಿಗೆ ಹಾಕಿಕೊಂಡ. ನಿಂತಾಗ ಉರಿ ಕಾಟ ಕೊಡಬಾರದೆಂದು ಎರಡು ಕ್ಯಾಪ್ಸೂಲು ಸೇರಿಸಿದ. ಖಾಲಿ ಹೊಟ್ಟೆ. ಹೊರಗೆ ಬಂದಾಗ ಶವ ಹೊರುವವರಿಗೆ ಚಳಿಗೆಂದು ಜೋಳದ ಸಾರಾಯಿ ಸುರಿಯುತ್ತಿದ್ದರು. ಮಾನ್‌ಚಾಂಗ್ ಅಜ್ಜ ಅವನಿಗೂ ಒಂದು ಲೋಟ ಚಾಚಿದ.

"ಕುಡಿ. ಇವತ್ತೊಂದಿನ ಕುಡಿದ್ರೆ ಯಾರೂ ಏನೂ ಅನ್ನಲ್ಲ."

ಕುಡಿದ. ಇನ್ನೊಂದು ಲೋಟವನ್ನೂ ಕುಡಿದ.

ಎಂಟೂವರೆಯ ಹೊತ್ತಿಗೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಫೆಂಗ್‌ಶಿಯನ್‌ಳನ್ನು ಕರೆದ. ಮುಖದಲ್ಲಿ ನಗುವಿತ್ತು. ಹನ್ನೊಂದು ವರ್ಷದಲ್ಲಿ ಅವಳು ಕಾಣದ ನಗು ಅದು.

"ಇಲ್ಲಿ ನೋಡು" ಅಂದ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಧಾನವಾಗಿ ಇಳಿದ. ಮಂಡಿಗಳು ಬಗ್ಗಿದವು, ನೆಲ ಮುಟ್ಟಿದವು. ಯಾರ ಸಹಾಯವೂ ಇಲ್ಲದೆ ಅವನು ತನ್ನ ಮನೆಯ ನೆಲದ ಮೇಲೆ ಮಂಡಿಯೂರಿ ಕೂತಿದ್ದ.

"ಅವ್ವನಿಗೆ ಹೇಳಬೇಕಿತ್ತು ಕಣೇ" ಅಂದ. ನಾಲಿಗೆ ಸ್ವಲ್ಪ ತೊದಲುತ್ತಿತ್ತು. ಅಳುವಿನಿಂದ ಇರಬೇಕು ಅಂದುಕೊಂಡಳು ಅವಳು. ಪಾಪ, ಅವಳಾದರೂ ಬೇರೆ ಏನು ಅಂದುಕೊಂಡಾಳು? ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಅವನ ಮೈ ಇಷ್ಟು ಭಾರವಾಗಿ ಎಂದೂ ಇರಲಿಲ್ಲ.

"ಸುಸ್ತಾಗಿದ್ದೀಯ. ಮೂರು ದಿನದಿಂದ ಕಣ್ಣು ಮುಚ್ಚಿಲ್ಲ. ಒಂದು ಗಳಿಗೆ ಮಲಗು, ಎಬ್ಬಿಸ್ತೀನಿ."

"ಒಂಬತ್ತೂವರೆಗೆ ಎಬ್ಬಿಸು. ಮರೀಬೇಡ."

ಅವಳು ಮರೆಯಲಿಲ್ಲ. ಒಂಬತ್ತೂವರೆಗೆ ಎಬ್ಬಿಸಿದಳು. ಭುಜ ಅಲುಗಿಸಿದಳು, ಮುಖಕ್ಕೆ ನೀರು ಹಾಕಿದಳು, ಕೆನ್ನೆಗೆ ಹೊಡೆದಳು. ಅವನ ತಲೆ ಆ ಕಡೆಯಿಂದ ಈ ಕಡೆಗೆ ಹೊರಳಿತು, ಅಷ್ಟೇ. ಕಾಲೆತ್ತಿದರೆ ಕಾಲು ಹಾಗೇ ಬಿತ್ತು. ತುಟಿಯ ಬಣ್ಣ ಕಪ್ಪಿಟ್ಟಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅವಳು ಮೂರು ಸಲ ಅವನ ಹೆಸರು ಕೂಗುವಷ್ಟು ಹೊತ್ತು. ತೆರೆದ ಟ್ರಂಕು ಆಗ ಕಣ್ಣಿಗೆ ಬಿತ್ತು.

ಯಿನ್‌ಹು ತನ್ನ ವ್ಯಾನು ಅಂಗಳಕ್ಕೆ ತಂದ. ಶವ ಹೊರಲು ಬಂದವರೇ ಗೆನ್‌ಲಾಯ್‌ನನ್ನು ಹೊತ್ತು ಒಳಗೆ ಮಲಗಿಸಿದರು. ಮಾನ್‌ಚಾಂಗ್ ಅಜ್ಜ ಅಡ್ಡ ಬಂದು ನಿಂತ.

"ಸೊಸೆ ನೀನೂ ಹೋಗ್ತೀಯ? ಪೆಟ್ಟಿಗೆ ಹಿಂದೆ ಯಾರು ನಡೀಬೇಕು?"

"ಸತ್ತೋರು ಒಬ್ರು ಸಾಕು ಈ ಮನೇಲಿ" ಅಂದಳು ಫೆಂಗ್‌ಶಿಯನ್.

"ಮಡಕೆ?"

ಅವಳು ಯಿನ್‌ಹುವಿನ ಕೈಯಿಂದ ವ್ಯಾನಿನ ಕೀಲಿ ಕಿತ್ತು ಪಕ್ಕದ ಮನೆಯವನ ಕೈಗಿಟ್ಟಳು. "ನೀನು ಇಲ್ಲೇ ಇರು, ಒಡಿ" ಅಂದಳು ಯಿನ್‌ಹುವಿಗೆ. ಸೀಸೆ ಎರಡನ್ನೂ ಜೇಬಿಗೆ ಹಾಕಿಕೊಂಡು ಗಂಡನ ತಲೆಯ ಬಳಿ ಕೂತಳು. ಆ ಕ್ಷಣದಲ್ಲಿ ಆ ಮನೆಯಲ್ಲಿ ತಲೆ ನೆಟ್ಟಗಿದ್ದವಳು ಅವಳೊಬ್ಬಳೇ.

ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ, ತೋಳಿಗೆ ಸೂಜಿ. ಎರಡನೇ ದಿನ ಮಧ್ಯಾಹ್ನ ಕಣ್ಣು ಬಿಟ್ಟು ಅವನು ಕೇಳಿದ ಮೊದಲ ಮಾತು, "ಗಂಟೆ ಎಷ್ಟು?"

ಫೆಂಗ್‌ಶಿಯನ್ ಅವನ ಹೊದಿಕೆ ಸರಿಮಾಡಿದಳು. ಗಳಿಗೆ ಮೀರಿಹೋಗಿದೆ ಎಂದು ಅವಳ ಮುಖ ನೋಡಿ ಅವನಿಗೆ ತಿಳಿಯಿತು. ಗೋಡೆಯ ಕಡೆಗೆ ಹೊರಳಲು ನೋಡಿದ, ಕಾಲು ಬಿಡಲಿಲ್ಲ.

ಡಾಕ್ಟರ್ ಶ್ಯೂ ಬಂದು ಮಂಚದ ಪಕ್ಕ ಕೂತಳು. ಬೈಯುತ್ತಾಳೆ ಅಂದುಕೊಂಡಿದ್ದ. ಬೈದಿದ್ದರೇ ಚೆನ್ನಾಗಿತ್ತು.

"ಎರಡು ದಿನ ನಿಲ್ಲಿಸಿದ್ದೇ ಮೊದಲನೇ ತಪ್ಪು" ಅಂದಳು. "ಒಮ್ಮೆಗೇ ಬಿಟ್ರೆ ಬಿಗಿತ ಇನ್ನೂ ಜಾಸ್ತಿ ಆಗುತ್ತೆ, ಫಿಟ್ಸ್ ಕೂಡ ಬರುತ್ತೆ. ಆಗಲೇ ಒಂದು ಫೋನ್ ಮಾಡಿದ್ರೆ ಎಷ್ಟರಿಂದ ಶುರು ಮಾಡ್ಬೇಕು ಅಂತ ಹೇಳ್ತಿದ್ದೆ. ತಪ್ಪಿದ್ದನ್ನೆಲ್ಲ ಒಟ್ಟಿಗೆ ನುಂಗಿದ್ರಿ, ಅದರ ಮೇಲೆ ಆ ಕ್ಯಾಪ್ಸೂಲು, ಅದರ ಮೇಲೆ ಸಾರಾಯಿ. ಮೂರೂ ನಿದ್ದೆ ಬರಿಸೋವೇ. ಮೂರೂ ಸೇರಿದ್ರೆ ಉಸಿರೇ ಮರೆತುಹೋಗುತ್ತೆ. ಇನ್ನರ್ಧ ಗಂಟೆ ತಡ ಆಗಿದ್ರೆ ನಿಮ್ಮ ಮನೇಲಿ ಇನ್ನೊಂದು ಪೆಟ್ಟಿಗೆ ಬೇಕಾಗ್ತಿತ್ತು."

"ಮಂಡಿ ಬಗ್ಗಬೇಕಿತ್ತು."

"ಮನೇಲಿ ಯಾರೂ ಕಾಲು ಮಡಚಿಸ್ತಿರ್ಲಿಲ್ವ?"

"ಅವ್ವ ಮಾಡ್ತಿದ್ಲು. ದಿನಾ ಅರ್ಧ ಗಂಟೆ."

"ಮತ್ತೆ ಅವತ್ತೂ ಅಷ್ಟೇ ಸಾಕಿತ್ತಲ್ಲ" ಅಂದಳು ಡಾಕ್ಟರ್. "ಹೊತ್ತಿಗೆ ಸರಿಯಾಗಿ ಒಂದೊಂದೇ ಮಾತ್ರೆ, ಬಿಸಿ ಬಟ್ಟೆ, ಅರ್ಧ ಗಂಟೆ. ನಿಮ್ಮ ಹೆಂಡ್ತಿಗೆ ಹೇಳಬಹುದಿತ್ತು."

ಫೆಂಗ್‌ಶಿಯನ್ ಕಿಟಕಿಯಾಚೆ ನೋಡುತ್ತಿದ್ದಳು. 

ಮನೆಗೆ ಕರೆತಂದ ದಿನ ಯಿನ್‌ಹು ಬಂದ. ಕೈಯಲ್ಲಿ ಒಂದು ಡಬ್ಬಿ ಓಟ್ಸ್ ಹಿಟ್ಟಿನ ಶಾವಿಗೆ, ಹೆಂಡತಿ ಮಾಡಿಕೊಟ್ಟದ್ದು. ಇಟ್ಟಿಗೆ ಜಗಲಿಯ ಅಂಚಿನಲ್ಲಿ ಕೂತು ಬಹಳ ಹೊತ್ತು ಟೋಪಿ ತಿರುಗಿಸುತ್ತಿದ್ದ.

"ಒಂದೇ ಏಟಿಗೆ ಒಡೀತಣ್ಣ" ಅಂದ ಕೊನೆಗೆ. "ಚೂರುಚೂರಾಯ್ತು. ಎಲ್ರೂ ನೋಡಿದ್ರು."

"ಮಂಡಿಯೂರಿದ್ಯಾ?"

"ಊರಿದ್ದೆ. ನಿನ್ನ ಹೆಸರು ಹೇಳೇ ಊರಿದ್ದು. ಯಾರೂ ಒಂದು ಮಾತು ಆಡಿಲ್ಲ, ನಿನ್ನಾಣೆ."

ಗೆನ್‌ಲಾಯ್ ತಲೆಯಾಡಿಸಿದ. ಒಳ್ಳೆಯ ಕೆಲಸ ಮಾಡಿದೆ ಅಂದ. ಮನಸಾರೆಯೇ ಅಂದದ್ದು, ಯಿನ್‌ಹುವಿನ ಮೇಲೆ ಅವನಿಗೆ ಕೋಪವಿರಲಿಲ್ಲ. ಆಮೇಲೆ ಮೊಣಕೈ ಊರಿ ಸ್ವಲ್ಪ ಮೇಲೆದ್ದ. ಮಡಕೆ ನೆಲಕ್ಕೆ ಬೀಳುವ ಗಳಿಗೆಯಲ್ಲಿ ಹೆತ್ತ ಮಗನೇ ಸತ್ತವರನ್ನು ಕರೆದು ದಾರಿ ಹೇಳಬೇಕು. ಇಲ್ಲದಿದ್ದರೆ ಅವರು ಕವಲಿನಲ್ಲಿ ನಿಂತುಬಿಡುತ್ತಾರೆ ಅನ್ನುವುದು ನಮ್ಮ ಕಡೆಯ ನಂಬಿಕೆ.

"ಏನಂತ ಕೂಗಿದೆ?"

"ಏನಂತ ಅಂದ್ರೆ? ದೊಡ್ಡ ದಾರಿ ಹಿಡಿ, ಹಿಂದೆ ನೋಡಬೇಡ, ಅಂತ. ಎಲ್ರೂ ಕೂಗೋದೇ."

"ಕರೆಯೋವಾಗ ಏನಂತ ಕರೆದೆ? ಅವ್ವ ಅಂತ ಕರೆದ್ಯಾ?"

ಯಿನ್‌ಹು ಟೋಪಿ ತಿರುಗಿಸುವುದನ್ನು ನಿಲ್ಲಿಸಿದ. ಫೆಂಗ್‌ಶಿಯನ್ ಒಲೆಯ ಬಳಿಯಿಂದ ತಿರುಗಿ ನೋಡಿದಳು. ಸುಳ್ಳು ಹೇಳು, ಮಾರಾಯ, ಒಂದು ಸುಳ್ಳು ಹೇಳಿಬಿಡು ಎಂದು ಅವಳ ಕಣ್ಣು ಬೇಡುತ್ತಿತ್ತು. ಯಿನ್‌ಹುವಿಗೆ ಸುಳ್ಳು ಬಾರದು.

"ದೊಡ್ಡವ್ವ ಅಂತ ಕರೆದೆ ಅಣ್ಣ. ನನ್ನ ಬಾಯಿಗೆ ಅದೇ ಬರೋದು."

ಗೆನ್‌ಲಾಯ್ ಊರಿದ್ದ ಮೊಣಕೈ ತೆಗೆದ. ಮೆಲ್ಲಗೆ ಹಿಂದಕ್ಕೆ ಒರಗಿದ. ಅವ್ವನ ಹೊಟ್ಟೆಯಲ್ಲಿ ಹುಟ್ಟಿದವನು ಅವನೊಬ್ಬನೇ, ಆ ಅಂಗಳದಲ್ಲಿ ಅವ್ವ ಎಂದು ಕೂಗಲು ಅವತ್ತು ಬೇರೆ ಯಾರೂ ಇರಲಿಲ್ಲ.